ಪೇಂಟಿಗೆ ನಿಮ್ ಡೆಡ್‌ಲೈನ್ ಗೊತ್ತಿರಲ್ಲ: ಫೈನಲ್ ಇಯರ್ ಸ್ಟುಡಿಯೋ, ಡಿಗ್ರಿ ಶೋ, ಅದರ ಮಾರನೇ ದಿನ

ಆರ್ಟ್ ಕಾಲೇಜಲ್ಲಿ ಫೈನಲ್ ಇಯರ್‌ಗೆ ಬಂದಿದೀರಾ, ಡಿಗ್ರಿ ಶೋ, ಅಂದ್ರೆ ಕೊನೇ ವರ್ಷದ ಕೆಲಸಗಳ ಪ್ರದರ್ಶನದ ಡೇಟ್ ಅನೌನ್ಸ್ ಆಗಿದೆ, ಇನ್ನೂ ನಾಲ್ಕು ತಿಂಗ್ಳಿದೆ ಬಿಡು ಅಂತ ಆರಾಮಾಗಿದೀರಾ ಅಂದ್ರೆ ಈಗ್ಲೇ ಒಂದು ಹಾಳೆ ತಗೊಂಡು ಶೋ ದಿನದಿಂದ ಹಿಂದಕ್ಕೆ ಎಣಿಸಿ. ಮುಂದಕ್ಕೆ ಎಣಿಸಿದ್ರೆ ದಿನ ಯಾವಾಗ್ಲೂ ಜಾಸ್ತಿ ಇರೋ ತರಾನೇ ಕಾಣತ್ತೆ. ಹಿಂದಕ್ಕೆ ಎಣಿಸಿದಾಗ ಗೋಡೆಗೆ ನೇತು ಹಾಕೋಕೆ ಮೂರು ದಿನ, ಗೋಡೆ ತೂತು ಮುಚ್ಚಿ ಬಣ್ಣ ಹೊಡಿಯೋಕೆ ಎರಡು ದಿನ, ಫ್ರೇಮಿಗೆ ಒಂದೆರಡು ವಾರ, ಫೋಟೋ ತೆಗಿಯೋಕೆ ಎರಡು ದಿನ, ಒಣಗೋಕೆ ಮೂರು ನಾಲ್ಕು ವಾರ ಅಂತ ಒಂದೊಂದೇ ಕಳೀತಾ ಬಂದ್ರೆ ಬ್ರಶ್ ಹಿಡಿಯೋಕೆ ಉಳಿಯೋದು ಎರಡು ತಿಂಗ್ಳು ಚಿಲ್ರೆ ಅಷ್ಟೇ. ಹೊಟ್ಟೆ ಚುರ್ ಅನ್ನತ್ತೆ, ಅನ್ಲಿ, ಇವತ್ತೇ ಅಂದ್ರೆ ಒಳ್ಳೇದು.

ನಾನು ಎಣಿಸ್ಲಿಲ್ಲ. ನನ್ನ ಎಲ್ಲಕ್ಕಿಂತ ದೊಡ್ಡ ಕ್ಯಾನ್ವಾಸ್, ಆಯಿಲ್, ಅದರಲ್ಲಿ ಆಕಾಶದ ಭಾಗ ಪೂರ್ತಿ ಟೈಟೇನಿಯಂ ವೈಟ್, ನೈಫಲ್ಲಿ ಬೆಣ್ಣೆ ಬಳಿದ ಹಾಗೆ ದಪ್ಪಗೆ ಬಳಿದಿದ್ದೆ, ಶೋಗೆ ಒಂಬತ್ತೇ ದಿನ ಇತ್ತು. ಮೇಲೆ ಪೊರೆ ಕಟ್ಟಿತ್ತು, ಮುಟ್ಟಿದ್ರೆ ಬೆರಳಿಗೆ ಅಂಟ್ತಿರ್ಲಿಲ್ಲ, ಒಣಗಿದೆ ಅಂದ್ಕೊಂಡು ಹಾಕ್ಬಿಟ್ಟೆ. ಓಪನಿಂಗ್ ಸಂಜೆ ಜನ ತುಂಬಿದಾಗ ಯಾರದ್ದೋ ಬ್ಯಾಗು ತಾಗಿ ಪೊರೆ ಕಿತ್ಕೊಂಡು ಬಂತು, ಅವ್ರ ಬ್ಯಾಗಿಗೂ ಬಿಳಿ, ನನ್ ಆಕಾಶಕ್ಕೂ ಒಂದು ಅಡಿ ಉದ್ದದ ಗೀರು. ಪಾಪ ಅವ್ರು ಸಾರಿ ಸಾರಿ ಅಂತಿದ್ರು, ತಪ್ಪು ನೂರಕ್ಕೆ ನೂರು ನಂದೇ.

ಒಣಗೋ ಲೆಕ್ಕ ಮೊದಲು

ಆಯಿಲ್ ಪೇಂಟ್ ನೀರಿನ ತರ ಆರಿ ಹೋಗಿ ಒಣಗಲ್ಲ. ಅದರಲ್ಲಿರೋ ಅಗಸೆ ಎಣ್ಣೆ ಗಾಳಿಯಲ್ಲಿರೋ ಆಕ್ಸಿಜನ್ ಹೀರ್ಕೊಂಡು ಗಟ್ಟಿ ಆಗೋದು, ಹಾಗಾಗಿ ಫ್ಯಾನ್ ಹಾಕಿ ಕೂತ್ರೆ ಒಂದೇ ರಾತ್ರಿಗೆ ಆಗತ್ತೆ ಅನ್ನೋದು ಭ್ರಮೆ. ತೆಳು ಪದರ ಆದ್ರೆ ಎರಡು ದಿನದಿಂದ ಎರಡು ವಾರ, ದಪ್ಪ ಆದ್ರೆ ತಿಂಗಳುಗಟ್ಲೆ. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸ ಇದೆ, ಅಂಬರ್ ತರದ ಮಣ್ಣಿನ ಬಣ್ಣಗಳು ಬೇಗ ಒಣಗತ್ತೆ, ಟೈಟೇನಿಯಂ ವೈಟು, ಕ್ಯಾಡ್ಮಿಯಂ ಕೆಂಪು ಹಳದಿ, ಐವರಿ ಬ್ಲ್ಯಾಕ್ ಇವೆಲ್ಲ ಸೋಮಾರಿಗಳು. ಅಂದ್ರೆ ಕೊನೇ ತಿಂಗಳಲ್ಲಿ ಏನ್ ಬಳೀತೀರಿ ಅನ್ನೋದನ್ನ ಕಣ್ಣಷ್ಟೇ ಅಲ್ಲ ಕ್ಯಾಲೆಂಡರ್ ಕೂಡ ಹೇಳ್ಬೇಕು. ತೀರಾ ಅರ್ಜೆಂಟ್ ಇದ್ರೆ ಆಲ್ಕಿಡ್ ಮೀಡಿಯಂ (ಪೇಂಟ್ ಬೇಗ ಒಣಗೋಕೆ ಬೆರೆಸೋ ದ್ರವ) ಸೇರ್ಸಿ, ತೆಳು ಪದರ ಒಂದೆರಡು ದಿನದಲ್ಲಿ ಒಣಗತ್ತೆ, ಆದ್ರೆ ಅರ್ಧ ಪೇಂಟಿಂಗ್ ಅದಿಲ್ದೆ ಮಾಡಿ ಉಳಿದರ್ಧಕ್ಕೆ ಹಾಕಿದ್ರೆ ಹೊಳಪು ಒಂದೊಂದು ಕಡೆ ಒಂದೊಂದು ತರ ಬರತ್ತೆ.

ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋಗ್ತಾ ಎಣ್ಣೆ ಜಾಸ್ತಿ ಅನ್ನೋ ರೂಲ್ ಫಸ್ಟ್ ಇಯರಲ್ಲೇ ಹೇಳಿರ್ತಾರೆ, ಫೈನಲ್ ಇಯರ್ ಗಡಿಬಿಡೀಲಿ ಎಲ್ರೂ ಮರೀತಾರೆ. ಕೆಳಗಡೆ ಹಸಿ ಇರೋವಾಗ ಮೇಲಿನ ಪದರ ಬೇಗ ಒಣಗಿಬಿಟ್ರೆ ಅದು ಆಮೇಲೆ ಬಿರುಕು ಬಿಡತ್ತೆ. ಹಾಗೇ ಒಣಗಿದ ಆಕ್ರಿಲಿಕ್ (ನೀರಲ್ಲಿ ಕಲಸೋ, ಬೇಗ ಒಣಗೋ ಬಣ್ಣ) ಮೇಲೆ ಆಯಿಲ್ ಹಾಕ್ಬಹುದು, ಆಯಿಲ್ ಮೇಲೆ ಆಕ್ರಿಲಿಕ್ ಹಾಕ್ಬೇಡಿ, ಟೈಮ್ ಇಲ್ಲ ಅಂತ ಈ ಐಡಿಯಾ ಪ್ರತಿ ಬ್ಯಾಚಲ್ಲೂ ಒಬ್ರಿಗೆ ಹೊಳೆಯತ್ತೆ, ಅದು ಸರಿಯಾಗಿ ಹಿಡ್ಕೊಳ್ಳಲ್ಲ, ಸಿಪ್ಪೆ ತರ ಏಳತ್ತೆ. ವಾರ್ನಿಶ್ ಅಂತೂ ಮರ್ತುಬಿಡಿ, ಫೈನಲ್ ವಾರ್ನಿಶ್‌ಗೆ ಸಾಮಾನ್ಯವಾಗಿ ಆರು ತಿಂಗ್ಳಿಂದ ವರ್ಷ ಕಾಯ್ತಾರೆ. ಮಂಕಾಗಿ ಕಾಣೋ ಜಾಗಕ್ಕೆ ರೀಟಚ್ ವಾರ್ನಿಶ್ (ತಾತ್ಕಾಲಿಕವಾಗಿ ಹಾಕೋ ತೆಳು ವಾರ್ನಿಶ್) ತೆಳ್ಳಗೆ ಹೊಡೀರಿ, ಅದೂ ಮುಟ್ಟಿದ್ರೆ ಅಂಟದೇ ಇರೋ ಹಂತಕ್ಕೆ ಬಂದ್ಮೇಲೆ. ಒಣಗ್ಲಿ ಅಂತ ಕತ್ಲೆ ರೂಮಲ್ಲಿ ಗೋಡೆ ಕಡೆ ಮುಖ ಮಾಡಿ ಇಡ್ಬೇಡಿ, ಬೆಳಕಿಲ್ದೆ ಇದ್ರೆ ಅಗಸೆ ಎಣ್ಣೆ ಹಳದಿಗೆ ತಿರುಗತ್ತೆ, ತಿಳಿ ಬಣ್ಣಗಳಲ್ಲಿ ಚೆನ್ನಾಗೇ ಗೊತ್ತಾಗತ್ತೆ.

ಸೆರಾಮಿಕ್ಸ್ ಮಾಡೋರಿಗೆ ಇದಕ್ಕಿಂತ ಕಷ್ಟ, ಯಾಕಂದ್ರೆ ನೀವು ಒಣಗೋದನ್ನೂ ಕಾಯ್ಬೇಕು, ಕಿಲ್ನ್ (ಮಣ್ಣಿನ ಪೀಸ್ ಸುಡೋ ಭಟ್ಟಿ) ಸರದಿನೂ ಕಾಯ್ಬೇಕು. ಹೊರಗಡೆ ಒಣಗಿದ ಹಾಗೆ ಕಂಡು ಒಳಗೆ ತೇವ ಇದ್ರೆ ಬಿಸಿ 100 ಡಿಗ್ರಿ ದಾಟಿದಾಗ ಆ ನೀರು ಆವಿಯಾಗಿ ಪೀಸನ್ನೇ ಒಡೆದು ಹಾಕತ್ತೆ, ನಿಮ್ದು ಒಡೆದ್ರೆ ನಿಮ್ದಷ್ಟೇ ಅಲ್ಲ, ಪಕ್ಕದವರ ಪೀಸಿಗೂ ಚೂರು ಬಡಿಯತ್ತೆ, ಆಮೇಲೆ ಸ್ಟುಡಿಯೋದಲ್ಲಿ ಯಾರ ಮುಖ ನೋಡ್ತೀರಿ? ಕೆನ್ನೆಗೆ ಹಿಡಿದು ನೋಡಿ, ತಣ್ಣಗನ್ನಿಸಿದ್ರೆ ಇನ್ನೂ ನೀರಿದೆ ಅಂತ. ಕೊನೇ ಕಿಲ್ನ್ ಲೋಡನ್ನ ನಂಬ್ಕೊಂಡು ಪ್ಲ್ಯಾನ್ ಮಾಡ್ಲೇಬೇಡಿ, ಕೊನೇದಕ್ಕಿಂತ ಹಿಂದಿನ ಲೋಡೇ ನಿಮ್ಮ ಕೊನೇದು ಅಂದ್ಕೊಳ್ಳಿ.

ಸ್ಟುಡಿಯೋ ಸುಟ್ಟು ಹೋಗ್ಬಾರ್ದು ಅಂದ್ರೆ

ಇದು ಉತ್ಪ್ರೇಕ್ಷೆ ಅಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಅದು ಆಕ್ಸಿಜನ್ ಹೀರ್ತಾ ಬಿಸಿ ಆಗತ್ತೆ, ಮುದ್ದೆ ಒಳಗಿಂದ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಯಾರೂ ಕಡ್ಡಿ ಗೀರದೇ ತಾನೇ ಹೊತ್ಕೊಳ್ಳತ್ತೆ. ಹಾಗಾಗಿ ಬಟ್ಟೆನ ಹೊರಗಡೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲಾ ಮುಚ್ಚಳ ಇರೋ ಲೋಹದ ಡಬ್ಬದಲ್ಲಿ ನೀರು ಹಾಕಿ ಮುಳುಗಿಸಿಡಿ. ಶೋ ಹಿಂದಿನ ವಾರ ರಾತ್ರಿ ಎರಡಕ್ಕೆ ಸುಸ್ತಾಗಿ ಮನೆಗೆ ಹೋಗೋವಾಗ್ಲೂ ಇದೊಂದು ಕೆಲಸ ಬಿಡ್ಬೇಡಿ.

ಪ್ಲಾಸ್ಟರ್ ಬಕೆಟ್ ಸಿಂಕಲ್ಲಿ ತೊಳೀಬೇಡಿ, ಅದು ಪೈಪೊಳಗೆ ಹೋಗಿ ಕಲ್ಲಾಗತ್ತೆ, ನೀರಿನ ಒಳಗೂ ಗಟ್ಟಿ ಆಗೋ ವಸ್ತು ಅದು. ಬಕೆಟಲ್ಲೇ ಗಟ್ಟಿ ಆಗೋಕೆ ಬಿಟ್ಟು ತಟ್ಟಿ ಉದುರಿಸಿ ಕಸಕ್ಕೆ ಹಾಕಿ. ಇನ್ನೊಂದು, ಪ್ಲಾಸ್ಟರ್ ಸೆಟ್ ಆಗ್ತಾ ಸುಡೋ ಅಷ್ಟು ಬಿಸಿ ಆಗತ್ತೆ, ಕೈಯನ್ನ ನೇರ ಬಕೆಟಲ್ಲಿ ಮುಳುಗಿಸಿ ಅಚ್ಚು ತೆಗಿಯೋ ಸಾಹಸ ಮಾಡ್ಬೇಡಿ. ಒಣಗಿದ ಪೇಂಟನ್ನ ಸ್ಯಾಂಡ್ ಪೇಪರಲ್ಲಿ ಉಜ್ಜೋವಾಗ ಮಾಸ್ಕ್ ಹಾಕಿ, ಒದ್ದೆ ಮಾಡಿ ಉಜ್ಜಿದ್ರೆ ಇನ್ನೂ ವಾಸಿ, ಕ್ಯಾಡ್ಮಿಯಂ ಧೂಳು ಶ್ವಾಸಕ್ಕೆ ಹೋಗೋದು ಬೇಡ. ಟರ್ಪೆಂಟೈನ್ ಮುಚ್ಚಳ ತೆಗೆದಿಟ್ಟು ಅಲ್ಲೇ ನಿದ್ದೆ ಮಾಡೋರನ್ನ ನೋಡಿದೀನಿ. ಕಿಟಕಿ ತೆಗೀರಪ್ಪಾ.

ಜಾಗ ಹಂಚ್ಕೊಂಡಿರೋರ ಜೊತೆ ಜಗಳ ಈ ತಿಂಗಳಲ್ಲೇ ಶುರುವಾಗೋದು, ಎಲ್ರಿಗೂ ದೊಡ್ಡದು ಮಾಡೋ ಆಸೆ ಬರೋದೂ ಈಗ್ಲೇ. ನೆಲದ ಮೇಲೆ ಟೇಪ್ ಅಂಟಿಸಿ ಗಡಿ ಹಾಕ್ಕೊಳ್ಳಿ, ಸ್ಪ್ರೇ ಹೊಡಿಯೋಕೆ, ಡ್ರಿಲ್ ಹಾಕೋಕೆ ಟೈಮ್ ಮಾತಾಡ್ಕೊಳ್ಳಿ, ಬಾಯ್ಬಿಟ್ಟು ಕೇಳೋಕೆ ಸಂಕೋಚ ಪಟ್ಕೊಂಡ್ರೆ ಹಸಿ ಪೇಂಟಿಂಗ್ ಮೇಲೆ ಪಕ್ಕದವರ ಮರದ ಹೊಟ್ಟು ಬಂದು ಕೂರತ್ತೆ. ಮತ್ತೆ ಗಲೀಜಿನ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ ಅಂತ ಹೇಳೋರು ಪೇಂಟರ್ ಫ್ರಾನ್ಸಿಸ್ ಬೇಕನ್ ಉದಾಹರಣೆ ಕೊಡ್ತಾರೆ, ಹೌದು, ಲಂಡನ್ನಿನ ಅವನ ಸ್ಟುಡಿಯೋ ಎಷ್ಟು ಗಲೀಜಿತ್ತು ಅಂದ್ರೆ ಅವನು ಸತ್ತ ಮೇಲೆ ಡಬ್ಲಿನ್‌ನ ಹ್ಯೂ ಲೇನ್ ಗ್ಯಾಲರಿಯವರು 7000ಕ್ಕೂ ಜಾಸ್ತಿ ವಸ್ತು ಪಟ್ಟಿ ಮಾಡಿ ಹಾಗಾಗೇ ಎತ್ತಿ ತಗೊಂಡೋಗಿ 2001ರಲ್ಲಿ ಜನಕ್ಕೆ ತೋರಿಸಿದ್ರು. ಆದ್ರೆ ಬೇಕನ್ ಸ್ಟುಡಿಯೋನ ಪಕ್ಕದ ಡೆಸ್ಕಿನವಳ ಜೊತೆ ಹಂಚ್ಕೊಂಡಿರ್ಲಿಲ್ಲ.

ಯಾವುದನ್ನ ಹಾಕ್ಬೇಕು, ಯಾವುದನ್ನ ಬಿಡ್ಬೇಕು

ಹೆತ್ತೋರಿಗೆ ಹೆಗ್ಗಣ ಮುದ್ದು. ನಿಮಗೆ ಕೊಟ್ಟಿರೋ ಗೋಡೆ ಎಷ್ಟು ಸೆಂಟಿಮೀಟರ್ ಅಂತ ಮೊದಲು ಅಳೀರಿ, ಅದನ್ನ ಹತ್ತರಲ್ಲಿ ಒಂದು ಅಳತೆಗೆ ರಟ್ಟಲ್ಲಿ ಮಾಡ್ಕೊಳ್ಳಿ, ನಿಮ್ಮ ಕೆಲಸಗಳ ಸಣ್ಣ ಪ್ರಿಂಟ್ ಅದೇ ಅಳತೆಗೆ ಕತ್ತರಿಸಿ ಆ ರಟ್ಟಿನ ಮೇಲೆ ಆಡಿ. ಹನ್ನೆರಡು ಹಾಕ್ಬೇಕು ಅಂದ್ಕೊಂಡಿರೋರಿಗೆ ಐದು ಸಾಕು ಅನ್ನೋದು ಅಲ್ಲೇ ಗೊತ್ತಾಗತ್ತೆ. ಒಂದು ಕೆಲಸ ತೆಗೆದ್ರೆ ಉಳಿದವು ಜೋರಾಗಿ ಕಾಣತ್ತಾ? ಹಾಗಿದ್ರೆ ಅದು ಹೋಗ್ಲಿ. ನಾಲ್ಕು ತಿಂಗ್ಳು ಕೂತು ಮಾಡಿದ್ದು ಅನ್ನೋ ಕಾರಣಕ್ಕೆ ಯಾವುದನ್ನೂ ಹಾಕ್ಬೇಡಿ, ನೋಡೋರಿಗೆ ಆ ನಾಲ್ಕು ತಿಂಗ್ಳು ಕಾಣಲ್ಲ.

ಟೀಚರ್ಸ್ ಹೇಳಿದ್ದನ್ನೆಲ್ಲಾ ಕೇಳ್ಬೇಕಾ? ಕ್ರಿಟ್‌ನಲ್ಲಿ (ಎಲ್ರೂ ಸೇರಿ ಕೆಲಸ ನೋಡಿ ವಿಮರ್ಶೆ ಮಾಡೋ ಕ್ಲಾಸು) ಒಬ್ರು ಹೇಳಿದ್ದನ್ನ ಬರ್ಕೊಳ್ಳಿ ಸಾಕು, ಇಬ್ರು ಹೇಳಿದ್ರೆ ಯೋಚ್ನೆ ಮಾಡಿ, ಮೂರು ಜನ ಬೇರೆ ಬೇರೆ ದಿನ ಅದೇ ಜಾಗಕ್ಕೆ ಬೆರಳಿಟ್ರೆ ಅಲ್ಲೇನೋ ಇದೆ. ಕೊನೇ ಕ್ರಿಟ್ ಆದ್ಮೇಲೆ ಹೊಸಾ ದಿಕ್ಕು ಹಿಡಿಯೋದು ಬೇಡ, ಆ ಐಡಿಯಾನ ಸ್ಕೆಚ್‌ಬುಕ್ಕಲ್ಲಿ ಬರೆದಿಡಿ, ಶೋ ಮುಗಿದ ಮೇಲೆ ಖಾಲಿ ಖಾಲಿ ಅನ್ನಿಸೋ ದಿನ ಬರತ್ತೆ, ಆಗ ಬೇಕಾಗತ್ತೆ.

ಫೋಟೋ

ಇದಕ್ಕೆ ನಾನು ಜಾಸ್ತಿ ಜಾಗ ಕೊಡ್ತೀನಿ ಯಾಕಂದ್ರೆ ಶೋ ಒಂದು ವಾರ ಇರತ್ತೆ, ಫೋಟೋನೇ ಆಮೇಲೆ ಹತ್ತು ವರ್ಷ ನಿಮ್ಮ ಪರವಾಗಿ ಓಡಾಡೋದು, ಅಪ್ಲಿಕೇಶನ್ ನೋಡೋರು ನಿಮ್ಮ ಕ್ಯಾನ್ವಾಸ್ ಮುಂದೆ ನಿಂತಿರಲ್ಲ, ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ. ಗಾಜಿನ ಫ್ರೇಮ್ ಹಾಕೋ ಮುಂಚೆ ತೆಗೀರಿ, ಆಮೇಲೆ ತೆಗೆದ್ರೆ ಚಿತ್ರದಲ್ಲಿ ನೀವೇ ಕಾಣ್ತೀರಿ. ಒಂದೇ ತರದ ಎರಡು ಲೈಟು, ಎಡಕ್ಕೊಂದು ಬಲಕ್ಕೊಂದು, ಎರಡೂ ಪೇಂಟಿಂಗಿಗೆ 45 ಡಿಗ್ರಿ ಕೋನದಲ್ಲಿ, ಸಮಾನ ದೂರದಲ್ಲಿ. ರೂಮಿನ ಬೇರೆ ದೀಪ ಎಲ್ಲಾ ಆಫ್, ಕಿಟಕಿ ಮುಚ್ಚಿ, ಹಗಲು ಬೆಳಕು ಮತ್ತೆ ಬಲ್ಬು ಬೆರೆತ್ರೆ ಅರ್ಧ ನೀಲಿ ಅರ್ಧ ಹಳದಿ ಬಂದು ಆಮೇಲೆ ಯಾವ ಸಾಫ್ಟ್‌ವೇರಲ್ಲೂ ಸರಿ ಹೋಗಲ್ಲ. ಲೈಟ್ ಇಲ್ವಾ, ಮೋಡ ಕವಿದ ದಿನ ಹೊರಗಡೆ ತೆಗೀರಿ, ಪುಕ್ಕಟೆ ಸಿಗೋ ಒಳ್ಳೇ ಬೆಳಕು ಅದೇ.

ಕ್ಯಾಮರಾ ಲೆನ್ಸಿನ ನಡು ಪೇಂಟಿಂಗಿನ ನಡುವಿಗೆ ನೇರ ಇರ್ಬೇಕು. ಪೇಂಟಿಂಗ್ ಸ್ವಲ್ಪ ಹಿಂದಕ್ಕೆ ವಾಲಿದ್ರೆ ಕ್ಯಾಮರಾನೂ ಅಷ್ಟೇ ವಾಲಿಸಿ, ಇಲ್ದಿದ್ರೆ ಆಯತ ಹೋಗಿ ಪಾತ್ರೆ ಆಕಾರ ಬರತ್ತೆ. ಟ್ರೈಪಾಡ್, ಐಎಸ್‌ಒ 100, ಅಪರ್ಚರ್ ಎಫ್ 8 ಸುತ್ತಮುತ್ತ, ಎರಡು ಸೆಕೆಂಡ್ ಟೈಮರ್. ಮೊಬೈಲ್ ಆದ್ರೆ ಹತ್ರ ಹೋಗಿ ವೈಡಲ್ಲಿ ತೆಗೀಬೇಡಿ, ಅಂಚುಗಳು ಉಬ್ಬತ್ತೆ, ಹಿಂದೆ ಸರಿದು 2ಎಕ್ಸ್ ಲೆನ್ಸಲ್ಲಿ ತೆಗೀರಿ. ಮೊದಲ ಫ್ರೇಮಲ್ಲಿ ಒಂದು ಗ್ರೇ ಕಾರ್ಡ್ (ಬಣ್ಣ ಹೋಲಿಸೋಕೆ ಇಡೋ ಬೂದು ಬಣ್ಣದ ಕಾರ್ಡು) ಇಟ್ಟು ತೆಗೆದ್ರೆ ಬಣ್ಣ ಸರಿ ಮಾಡೋವಾಗ ಊಹೆ ಮಾಡ್ಬೇಕಾಗಿಲ್ಲ. ಪೂರ್ತಿ ಒಂದು, ಹತ್ತಿರದಿಂದ ಎರಡು, ಆಮೇಲೆ ಶೋನಲ್ಲಿ ಗೋಡೆ ಮೇಲಿರೋದು, ಅದರಲ್ಲಿ ಒಬ್ರು ಮನುಷ್ಯರು ಪಕ್ಕದಲ್ಲಿ ನಿಂತಿರೋದೂ ಒಂದಿರ್ಲಿ, ಸೈಜ್ ಗೊತ್ತಾಗೋಕೆ. ಫೈಲಿಗೆ ನಿಮ್ಮ ಹೆಸ್ರು, ಕೆಲಸದ ಹೆಸ್ರು, ವರ್ಷ ಹಾಕಿ ಸೇವ್ ಮಾಡಿ. ಫೈನಲ್, ಫೈನಲ್ 2, ಫೈನಲ್ ನಿಜ್ವಾಗ್ಲೂ ಫೈನಲ್ ಅಂತ ಇಟ್ಕೊಂಡು ನಾನು ಮೂರು ವರ್ಷ ಒದ್ದಾಡಿದೀನಿ.

ನೇತು ಹಾಕೋದು

ಎಲ್ಲಾ ಪೇಂಟಿಂಗಿನ ಮೇಲಂಚು ಒಂದೇ ಸಾಲಿಗೆ ತರ್ಬೇಡಿ, ನಡು ಒಂದೇ ಸಾಲಿಗೆ ತನ್ನಿ. ನೆಲದಿಂದ ನಡುವಿಗೆ 145ರಿಂದ 150 ಸೆಂಟಿಮೀಟರ್, ಹೆಚ್ಚಿನ ಗ್ಯಾಲರಿಗಳು ಇದರ ಆಸುಪಾಸಲ್ಲೇ ಹಾಕೋದು, ಸರಾಸರಿ ಜನರ ಕಣ್ಣಿನ ಮಟ್ಟ. ಮೊಳೆ ಎಲ್ಲಿ ಹೊಡೀಬೇಕು ಅನ್ನೋದಕ್ಕೆ ಲೆಕ್ಕ ಸುಲಭ: ನಡುವಿನ ಎತ್ತರಕ್ಕೆ ಪೇಂಟಿಂಗಿನ ಅರ್ಧ ಎತ್ತರ ಕೂಡಿ, ಅದರಿಂದ ಮೇಲಂಚಿಗೂ ಹಿಂದಿನ ವೈರಿಗೂ ಇರೋ ದೂರ ಕಳೀರಿ. 90 ಸೆಂಟಿಮೀಟರ್ ಎತ್ತರದ ಕ್ಯಾನ್ವಾಸ್, ನಡು 145ಕ್ಕೆ, ಅಂದ್ರೆ 145ಕ್ಕೆ 45 ಕೂಡಿ 190, ವೈರು ಮೇಲಿಂದ 8 ಸೆಂಟಿಮೀಟರ್ ಕೆಳಗಿದ್ರೆ 182ಕ್ಕೆ ಮೊಳೆ. ವೈರಿನ ದೂರ ಅಳೆಯೋವಾಗ ಅದನ್ನ ಬೆರಳಲ್ಲಿ ಮೇಲಕ್ಕೆ ಎಳೆದು ಬಿಗಿ ಮಾಡಿ ಅಳೀರಿ, ಸಡಿಲ ಇದ್ದಾಗ ಅಳೆದ್ರೆ ಎಲ್ಲಾ ಕೆಳಗಿಳಿಯತ್ತೆ. ಭಾರದ್ದಕ್ಕೆ ವೈರೇ ಬೇಡ, ಫ್ರೇಮ್ ಹಿಂದೆ ಎರಡು ಡಿ ರಿಂಗ್ (ಡಿ ಆಕಾರದ ಲೋಹದ ಬಳೆ), ಗೋಡೆಗೆ ಎರಡು ಸ್ಕ್ರೂ, ಆಮೇಲೆ ಓರೆನೂ ಆಗಲ್ಲ. ರಸಮಟ್ಟ ಇಟ್ಟು ನೋಡಿ, ಹಾಗೇ ಹಿಂದಕ್ಕೆ ಹೋಗಿ ಕಣ್ಣಲ್ಲೂ ನೋಡಿ, ನೆಲ ಓರೆ ಇರೋ ಬಿಲ್ಡಿಂಗಲ್ಲಿ ರಸಮಟ್ಟ ಸರಿ ಅಂದ್ರೂ ಕಣ್ಣಿಗೆ ತಪ್ಪು ಕಾಣತ್ತೆ, ಆಗ ಕಣ್ಣಿನ ಮಾತೇ ಕೇಳಿ. ಕ್ಯಾನ್ವಾಸ್ ಜೋಲು ಬಿದ್ದಿದ್ರೆ ಹಿಂದಿನ ಮೂಲೆಗಳ ಮರದ ಬೆಣೆನ ಸ್ವಲ್ಪ ಸ್ವಲ್ಪ ತಟ್ಟಿ, ಬಿಗಿ ಆಗತ್ತೆ.

ಲೇಬಲಲ್ಲಿ ಹೆಸ್ರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಲಿ ಎತ್ತರ ಮೊದಲು, ಅಗಲ ಆಮೇಲೆ, ಶಿಲ್ಪ ಆದ್ರೆ ಆಳ ಕೊನೆಗೆ. ಪ್ರಿಂಟ್ ಆದ್ರೆ ಎಡಿಶನ್ ನಂಬರ್ (ಒಟ್ಟು ಎಷ್ಟು ಪ್ರತಿಯಲ್ಲಿ ಎಷ್ಟನೇದು) ಕೂಡ, 3/15 ಅಂದ್ರೆ ಹದಿನೈದರಲ್ಲಿ ಮೂರನೇದು, ಒಂದ್ಸಲ ಹದಿನೈದು ಅಂತ ಬರೆದ್ರೆ ಚೆನ್ನಾಗಿ ಮಾರಾಟ ಆಗ್ತಿದೆ ಅಂತ ಹದಿನಾರನೇದು ಎಳೆಯೋ ಹಾಗಿಲ್ಲ.

ಸ್ಟೇಟ್‌ಮೆಂಟ್, ಅಂದ್ರೆ ಕೆಲಸದ ಪಕ್ಕ ಹಾಕೋ ನಿಮ್ಮ ಬರಹ, ಅದರ ಬಗ್ಗೆ ಒಂದೇ ಮಾತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀಬೇಡಿ. ಅಸ್ಮಿತೆ, ಅನ್ವೇಷಣೆ, ನೆನಪಿನ ಪದರಗಳು, ಇಷ್ಟು ಪದ ತೆಗೆದ್ಮೇಲೆ ಹಾಳೇಲಿ ಏನೂ ಉಳಿಲಿಲ್ಲ ಅಂದ್ರೆ ಮೊದ್ಲೂ ಏನೂ ಇರ್ಲಿಲ್ಲ ಅಂತ. ಏನು ಮಾಡಿದ್ರಿ, ಯಾವುದ್ರಿಂದ ಮಾಡಿದ್ರಿ, ಯಾಕೆ ಅದೇ ವಸ್ತು, ಇಷ್ಟನ್ನ ನೂರೈವತ್ತು ಪದದಲ್ಲಿ ಬರೆದು ಕಲೆ ಓದದೇ ಇರೋ ಫ್ರೆಂಡಿಗೆ ಜೋರಾಗಿ ಓದಿ ಹೇಳಿ, ಅವ್ರು ಹಾ? ಅಂದ ಕಡೆ ತಿದ್ದಿ.

ಶೋ ಮುಗಿದ ಮೇಲೆ

ಬಿಚ್ಚೋ ದಿನ ಯಾರೂ ಇರಲ್ಲ, ಹಾಕೋವಾಗ ಇದ್ದ ಹತ್ತು ಫ್ರೆಂಡ್ಸಲ್ಲಿ ಇಬ್ರು ಬಂದ್ರೆ ಪುಣ್ಯ, ಹಾಗಾಗಿ ಮುಂಚೆನೇ ಕೇಳಿ ಇಟ್ಕೊಳ್ಳಿ. ಪ್ಯಾಕ್ ಮಾಡೋವಾಗ ಪೇಂಟ್ ಮೇಲೆ ಮೊದಲು ಗ್ಲಾಸಿನ್ ಪೇಪರ್ (ಅಂಟದ ನುಣುಪು ಕಾಗದ), ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಗಡೆ ಇರೋ ಹಾಗೆ. ಗುಳ್ಳೆ ಒಳಗಿದ್ರೆ ಪೂರ್ತಿ ಗಟ್ಟಿ ಆಗದ ಪೇಂಟಲ್ಲಿ ವೃತ್ತ ವೃತ್ತ ಗುರುತು ಬೀಳತ್ತೆ, ಹೋಗಲ್ಲ. ಕ್ಯಾನ್ವಾಸ್ ಸುತ್ತಬೇಕು ಅಂದ್ರೆ ಪೇಂಟ್ ಹೊರಮೈಗೆ ಬರೋ ಹಾಗೆ, ದಪ್ಪ ಕೊಳವೆಗೆ, ದಪ್ಪ ಬಳಿದಿದ್ದನ್ನ ಸುತ್ತಲೇಬೇಡಿ.

ಎಲ್ಲಾ ಇಟ್ಕೊಳ್ಳೋಕೆ ಜಾಗ ಇರಲ್ಲ. ಅಮೆರಿಕದ ಕಲಾವಿದ ಜಾನ್ ಬಾಲ್ಡೆಸ್ಸಾರಿ 1970ರಲ್ಲಿ ತಾನು 1953ರಿಂದ 1966ರವರೆಗೆ ಮಾಡಿದ್ದ, ಕೈಯಲ್ಲಿ ಉಳಿದಿದ್ದ ಪೇಂಟಿಂಗ್‌ಗಳನ್ನ ಸ್ಮಶಾನದಲ್ಲಿ ಸುಟ್ಟು ಅದನ್ನೇ ಒಂದು ಕಲಾಕೃತಿ ಮಾಡಿದ. ನೀವು ಅಷ್ಟು ದೂರ ಹೋಗ್ಬೇಡಿ, ಶೋ ಆದ ತಕ್ಷಣದ ಸುಸ್ತಲ್ಲಿ ಏನನ್ನೂ ಹಾಳು ಮಾಡ್ಬೇಡಿ, ಎಲ್ಲಾನೂ ಕಣ್ಣಿಗೆ ಚುಚ್ಚೋ ತರ ಕಾಣತ್ತೆ ಆಗ. ಫೋಟೋ ತೆಗೆದು, ಸ್ಟ್ರೆಚರಿಂದ (ಕ್ಯಾನ್ವಾಸ್ ಎಳೆದು ಕಟ್ಟೋ ಮರದ ಚೌಕಟ್ಟು) ಬಿಚ್ಚಿ, ಆರು ತಿಂಗ್ಳು ಇಟ್ಟು ಆಮೇಲೆ ತೀರ್ಮಾನ ಮಾಡಿ, ಸ್ಟ್ರೆಚರ್ ಮತ್ತೆ ಬಳಸ್ಬಹುದು.

ಯಾರಾದ್ರೂ ಕೊಂಡ್ಕೊಳ್ತೀನಿ ಅಂದ್ರೆ ಅಲ್ಲೇ ನಿಂತು ಬಾಯಿಗೆ ಬಂದ ರೇಟ್ ಹೇಳ್ಬೇಡಿ. ಸೈಜಿನ ಮೇಲೆ ಒಂದು ಪಟ್ಟಿ ಮುಂಚೆನೇ ಮಾಡಿಟ್ಕೊಳ್ಳಿ, ಒಂದೇ ಸೈಜಿಗೆ ಒಂದೇ ರೇಟು, ನಿಮಗೆ ಇಷ್ಟ ಆಗಿದ್ದಕ್ಕೆ ಜಾಸ್ತಿ ಅಂತ ಮಾಡಿದ್ರೆ ಉಳಿದದ್ದು ಕಳಪೆ ಅಂತ ನೀವೇ ಹೇಳಿದ ಹಾಗೆ. ಗ್ಯಾಲರಿ ಇಟ್ಕೊಳ್ತೀನಿ ಅಂದ್ರೆ ಬರವಣಿಗೆಲಿ ತಗೊಳ್ಳಿ: ಯಾವ್ಯಾವ ಕೆಲಸ, ಎಷ್ಟು ಬೆಲೆ, ಅವ್ರಿಗೆ ಎಷ್ಟು ಪರ್ಸೆಂಟ್ (ಅರ್ಧದವರೆಗೂ ಕೇಳೋದು ಮಾಮೂಲಿ, ಗಾಬರಿ ಆಗ್ಬೇಡಿ), ಹಾಳಾದ್ರೆ ಯಾರ ಹೊಣೆ, ಯಾವತ್ತು ವಾಪಸ್. ಪರಿಚಯದೋರೇ ಆದ್ರೂ ಬರ್ಸ್ಕೊಳ್ಳಿ.

ಕಾಲೇಜ್ ಸ್ಟುಡಿಯೋ ಹೋದ್ಮೇಲೆ ಜಾಗ ಇಲ್ಲ ಅಂತ ಕೂರೋದು ಎಲ್ರಿಗೂ ಆಗೋದೇ. ಇಟಲಿಯ ಪೇಂಟರ್ ಜಾರ್ಜೋ ಮೊರಾಂಡಿ ಬೊಲೋನ್ಯ ಊರಲ್ಲಿ ಮಲಗೋ ರೂಮಲ್ಲೇ ದಶಕಗಳ ಕಾಲ ಪೇಂಟ್ ಮಾಡಿದ, ಬಾಟ್ಲಿ ಹೂಜಿ ಡಬ್ಬ ಇಷ್ಟೇ ಇಟ್ಕೊಂಡು. ರೂಮ್ ಚಿಕ್ಕದಾದ್ರೆ ಕೆಲಸದ ಸೈಜ್ ಚಿಕ್ಕದು ಮಾಡಿ, ಮಲಗೋ ಜಾಗದಲ್ಲಿ ಟರ್ಪೆಂಟೈನ್ ಬೇಡ, ಪೇಪರು, ಗ್ವಾಶ್ (ನೀರಲ್ಲಿ ಕಲಸೋ ಅಪಾರದರ್ಶಕ ಬಣ್ಣ), ಪೆನ್ಸಿಲ್ಲಿಗೆ ಬನ್ನಿ. ಇನ್ನು ಗ್ಯಾಲರಿ ಕರೆಯೋವರೆಗೂ ಕಾಯ್ಬೇಕು ಅಂತನೂ ಇಲ್ಲ, 1988ರಲ್ಲಿ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕಲಾ ವಿದ್ಯಾರ್ಥಿಗಳು ಲಂಡನ್ನಿನ ಡಾಕ್‌ಲ್ಯಾಂಡ್ಸಲ್ಲಿ ಖಾಲಿ ಬಿದ್ದಿದ್ದ ಕಟ್ಟಡದಲ್ಲಿ ಫ್ರೀಜ್ ಅನ್ನೋ ಶೋ ತಾವೇ ಮಾಡಿದ್ರು, ಮುಂದೆ ನಿಂತು ಮಾಡಿಸಿದ್ದು ಆಮೇಲೆ ದೊಡ್ಡ ಹೆಸ್ರು ಮಾಡಿದ ಕಲಾವಿದ ಡೇಮಿಯನ್ ಹರ್ಸ್ಟ್, ಅವನಿನ್ನೂ ಪಾಸಾಗಿರ್ಲಿಲ್ಲ ಆಗ.

ನಿಜವಾಗಿ ಕೈ ಕೊಡೋದು ಜಾಗ ಅಲ್ಲ, ನೋಡೋ ಕಣ್ಣು. ಕಾಲೇಜಲ್ಲಿ ಯಾರಾದ್ರೂ ಹಿಂದೆ ಬಂದು ನಿಂತು ಆ ಮೂಲೆ ಯಾಕೋ ಸರಿ ಇಲ್ಲ ಅಂತಿದ್ರು, ಹೊರಗೆ ಬಂದ್ಮೇಲೆ ಯಾರೂ ಅನ್ನಲ್ಲ, ಎಂಟು ತಿಂಗ್ಳು ಅದೇ ತಪ್ಪನ್ನ ಮಾಡ್ತಾ ಕೂತಿರ್ತೀರಿ, ನಾನು ಕೂತಿದ್ದೆ. ಅದಕ್ಕೇ ಶೋ ನಡೀತಿರೋವಾಗ್ಲೇ, ಎಲ್ರೂ ಇನ್ನೂ ಒಂದೇ ಊರಲ್ಲಿರೋವಾಗ್ಲೇ, ನಿಮಗೆ ಮುಖದ ಮೇಲೆ ಹೇಳೋ ಧೈರ್ಯ ಇರೋ ಇಬ್ರನ್ನ ಹಿಡೀರಿ, ತಿಂಗ್ಳಿಗೊಂದ್ಸಲ ಒಬ್ಬೊಬ್ರು ಒಂದೊಂದು ಮುಗಿಯದ ಕೆಲಸ ತರ್ಬೇಕು, ಮುಗಿದಿದ್ದು ತಂದ್ರೆ ವಾಪಸ್ ಕಳಿಸ್ತೀವಿ ಅಂತ ಮಾತಾಡ್ಕೊಳ್ಳಿ, ಮೊದಲ ತಾರೀಕು ಗೋಡೆ ಬಿಚ್ಚೋ ದಿನನೇ ಫೋನಲ್ಲಿ ಹಾಕ್ಕೊಳ್ಳಿ.